ಎಂಟು ಜನರ ಊಟದ ಮೇಜು: ಬೇಸಿಗೆಯಲ್ಲಿ ಕಟ್ಟಿ, ಮಳೆಗಾಲದಲ್ಲಿ ಚಿತ್ರ ತೆಗೆಯಿರಿ

"ಮೇಜು ಮಾಡಿಸಿ ಆರು ತಿಂಗಳಾಗಿಲ್ಲ, ಮೇಲ್ಹಲಗೆ ನಡುವೆ ಸೀಳು ಬಿಟ್ಟಿದೆ." "ಕಣ್ಣಿಗೆ ಜೇನಿನ ಬಣ್ಣದ ಮರ, ಫೋಟೊದಲ್ಲಿ ಮಾತ್ರ ಕೊಳಕು ಹಸಿರು." ಮೂಡಿಗೆರೆ, ಕೊಪ್ಪ, ಆಲ್ದೂರು ಕಡೆಯ ಓದುಗರು ನನ್ನನ್ನು ಕೇಳುವುದರಲ್ಲಿ ಮುಕ್ಕಾಲು ಪಾಲು ಈ ಎರಡೇ ದೂರುಗಳು. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಆದ್ದರಿಂದ ಮರ ಆರಿಸುವುದರಿಂದ ಹಿಡಿದು ಚಿತ್ರ ತೆಗೆಯುವವರೆಗೆ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನೀವೇ ಉಳಿ ಹಿಡಿಯುವವರಾದರೂ ಸರಿ, ಆಚಾರಿಯವರಿಂದ ಮಾಡಿಸುವವರಾದರೂ ಸರಿ, ಹಂತಗಳು ಅವೇ.

ಮೊದಲ ದೂರಿನ ಹಿಂದೆ ಇರುವುದು ನಮ್ಮ ಮಲೆನಾಡಿನ ಮಳೆ, ಎರಡನೆಯದರ ಹಿಂದೆ ಕಿಟಕಿಯಾಚೆಯ ಹಸಿರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವವನ್ನು ಹೀರಿ ಮರ ಅಗಲವಾಗುತ್ತದೆ, ಫೆಬ್ರವರಿ ಬಂದರೆ ಅದೇ ತೇವವನ್ನು ಬಿಟ್ಟು ಕುಗ್ಗುತ್ತದೆ. ಕಡಿದು ನೂರು ವರ್ಷವಾದ ತೊಲೆಯೂ ಇದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಮೇಜು ಕಟ್ಟಲು ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳೇ ಸರಿ. ಚಿತ್ರದ ಲೆಕ್ಕ ಇದಕ್ಕೆ ತಿರುಗುಮುರುಗು. ಅದಕ್ಕೆ ಮೋಡ ಕವಿದ ಜುಲೈ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ.

1. ಅಳತೆ ಮೊದಲು, ಮರ ಆಮೇಲೆ

ಒಬ್ಬರು ಕೈ ತಾಗದಂತೆ ಕುಳಿತು ಊಟ ಮಾಡಲು 24 ಇಂಚು ಜಾಗ ಬೇಕು. ಉದ್ದದ ಬದಿಗಳಲ್ಲಿ ಮೂವರು ಮೂವರು, ತುದಿಗಳಲ್ಲಿ ಒಬ್ಬೊಬ್ಬರು ಎಂದರೆ 7 ಅಡಿ ಉದ್ದ, 39 ಇಂಚು ಅಗಲ ಸಾಕು. ಎದುರುಬದುರು ಬಾಳೆಲೆ ಹಾಕಿದರೂ ನಡುವೆ ಸಾರಿನ ಪಾತ್ರೆಗೆ ಜಾಗ ಉಳಿಯುತ್ತದೆ. ನೆಲದಿಂದ ಎತ್ತರ 30 ಇಂಚು. ಮೇಲ್ಹಲಗೆಯ ಕೆಳಗೆ ಕಾಲುಗಳನ್ನು ಜೋಡಿಸುವ ಚೌಕಟ್ಟಿನ ಪಟ್ಟಿ 4 ಇಂಚಿಗಿಂತ ಅಗಲವಿರಬಾರದು. ಹಲಗೆಯ ದಪ್ಪ ಒಂದೂಕಾಲು ಇಂಚು ಎಂದುಕೊಂಡರೆ ಮೊಣಕಾಲಿಗೆ 24 ಮುಕ್ಕಾಲು ಇಂಚು ಸಿಗುತ್ತದೆ. ಗಾಂಭೀರ್ಯ ಬರಲೆಂದು 6 ಇಂಚಿನ ಪಟ್ಟಿ ಹಾಕಿಸಿ, ಊಟಕ್ಕೆ ಕುಳಿತಾಗಲೆಲ್ಲ ತೊಡೆ ಉಜ್ಜಿಕೊಳ್ಳುವವರನ್ನು ಕಂಡಿದ್ದೇನೆ.

ಕಾಲುಗಳನ್ನು ಮೂಲೆಗೆ ಹತ್ತಿರ ಇಡಿ. ಉದ್ದದ ತುದಿಯಿಂದ 4 ಇಂಚು, ಅಗಲದ ಅಂಚಿನಿಂದ 3 ಇಂಚು ಒಳಗೆ. ಮೂರೂವರೆ ಇಂಚಿನ ಚೌಕ ಕಾಲುಗಳಾದರೆ ನಡುವೆ 69 ಇಂಚು ಉಳಿಯುತ್ತದೆ, ಮೂರು ಕುರ್ಚಿಗಳು ಹಿಡಿಯುತ್ತವೆ. ಕಾಲುಗಳನ್ನು ಇನ್ನೂ ಒಳಗೆ ತಳ್ಳಿದರೆ ಕೊನೆಯ ಕುರ್ಚಿಯವರು ಕಾಲನ್ನು ತಬ್ಬಿಕೊಂಡೇ ಊಟ ಮಾಡಬೇಕು.

ಇನ್ನೊಂದು ಅಳತೆ ಬಾಗಿಲಿನದು. ಹಳೆಯ ತೊಟ್ಟಿಮನೆಗಳ ಬಾಗಿಲು ಕಿರಿದು, ಹೊಸ್ತಿಲು ಎತ್ತರ. ಮೇಲ್ಹಲಗೆಯನ್ನು ಅಡ್ಡ ನಿಲ್ಲಿಸಿ ಒಳಗೆ ಒಯ್ಯಲಾಗುತ್ತದೆಯೇ, ಒಳಗೆ ಹೋದ ಮೇಲೆ ತಿರುಗಿಸಲು ಜಾಗವಿದೆಯೇ ಎಂದು ಹಗ್ಗ ಹಿಡಿದು ನೋಡಿ. ತೇಗದ್ದಾದರೆ ಮೇಲ್ಹಲಗೆಯೊಂದೇ 45 ಕೆಜಿ ಆಸುಪಾಸು ತೂಗುತ್ತದೆ. ಆದ್ದರಿಂದ ಹಲಗೆಯನ್ನೂ ಚೌಕಟ್ಟನ್ನೂ ಬಿಚ್ಚಿ ಸಾಗಿಸುವಂತೆ ಮಾಡಿ.

2. ಮರದ ಆಯ್ಕೆ

ತೇಗಕ್ಕೆ ಎಣೆಯಿಲ್ಲ, ಬೆಲೆಗೂ ಎಣೆಯಿಲ್ಲ. ಕೈಗೆಟುಕಿದರೆ ಅದನ್ನೇ ಹಾಕಿ. ಇಲ್ಲದಿದ್ದರೆ ನನ್ನ ಮತ ಹಲಸಿಗೆ. ವೀಣೆಯ ಕೊಡ ಕಡೆಯುವುದೂ ಇದರಲ್ಲೇ. ಹೊಸತರಲ್ಲಿ ಅರಿಸಿನದಂತೆ ಹಳದಿಯಾಗಿದ್ದು, ಬೆಳಕು ತಾಗುತ್ತಾ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಹಳದಿ ಕಂಡು ಗಾಬರಿಯಾಗಿ ಕಪ್ಪು ಬಣ್ಣ ಬಳಿಸಬೇಡಿ, ಕಾಯಿರಿ. ಹೆಬ್ಬಲಸು, ಹೊನ್ನೆ, ಮತ್ತಿ, ನಂದಿ ಇವೂ ಮೇಜಿಗೆ ಆಗುವ ಮರಗಳೇ. ಮತ್ತಿ ಮಾತ್ರ ಗಟ್ಟಿ, ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ.

ತೋಟ ಇರುವವರು ಕೇಳುವುದು ಸಿಲ್ವರ್ ಓಕ್ ಬಗ್ಗೆ. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಮರ ಮೇಜಾದೀತೇ? ಆಗುತ್ತದೆ, ಅದೂ ಚೆಂದವಾಗಿ. ಎಳೆಗೆ ಅಡ್ಡಲಾಗಿ ಮೀನಿನ ಹುರುಪೆಯಂಥ ಚುಕ್ಕೆಗಳು ಮಿನುಗುತ್ತವೆ. ಆದರೆ ಮೂರು ಎಚ್ಚರಿಕೆಗಳಿವೆ. ಮರ ಮೃದು, ತಟ್ಟೆ ಬಿದ್ದರೆ ಕಚ್ಚು ಬೀಳುತ್ತದೆ. ಕುಟ್ಟೆ ಹುಳು ಬೇಗ ಹಿಡಿಯುತ್ತದೆ, ಆದ್ದರಿಂದ ಕೊಯ್ದ ಕೂಡಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಬೆರೆಸಿದ ನೀರಿನ ಉಪಚಾರ ಮಾಡಿಸಬೇಕು. ಇದರ ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ತುಂಬುತೋಳಿನ ಅಂಗಿ, ಮುಖಗವಸು ಇರಲಿ.

ಎಲ್ಲಕ್ಕಿಂತ ಒಳ್ಳೆಯ ಮರ ಕೆಡವಿದ ಹಳೆಯ ಮನೆಗಳ ತೊಲೆಗಳಲ್ಲಿದೆ. ದಶಕಗಳಿಂದ ಒಣಗಿ ಹದವಾಗಿರುತ್ತದೆ. ಮಿಲ್ಲಿಗೆ ಹಾಕುವ ಮುನ್ನ ಅಯಸ್ಕಾಂತ ಸವರಿ ಒಳಗಿನ ಮೊಳೆಗಳನ್ನು ಹುಡುಕಿ ತೆಗೆಯಿರಿ. ಒಂದೇ ಒಂದು ಮೊಳೆ ಗರಗಸದ ಹಲ್ಲನ್ನೂ ಮಿಲ್ಲಿನವರ ಸ್ನೇಹವನ್ನೂ ಮುರಿಯುತ್ತದೆ.

ಕಾನೂನಿನ ಮಾತು. ನಮ್ಮದೇ ಜಮೀನಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಬೇಡದ ಕೆಲವು ಜಾತಿಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಸೇರಿದೆ. ಬೀಟೆ, ತೇಗಗಳ ವಿಷಯದಲ್ಲಿ ಬಾಯಿಮಾತನ್ನು ನಂಬಬೇಡಿ. ಕೊಂಡ ಮರವಾದರೆ ರಸೀದಿ ಕೇಳಿ ಪಡೆಯಿರಿ, ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಎಷ್ಟು ಮರ ಬೇಕು? ಲೆಕ್ಕ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ. ಒಂದೂವರೆ ಇಂಚಿನ ಒರಟು ಹಲಗೆಯಿಂದ ಮೇಲ್ಹಲಗೆಗೆ 2.8, ನಾಲ್ಕು ಕಾಲುಗಳಿಗೆ 0.9, ಪಟ್ಟಿಗಳಿಗೆ 0.6, ಒಟ್ಟು ನಾಲ್ಕೂಕಾಲು ಚಿಲ್ಲರೆ. ಗಂಟು, ಸೀಳು, ಕೀಸಿದ ಹೊಟ್ಟು ಎಂದು ನಷ್ಟ ಇದ್ದೇ ಇದೆ. ಆರು ಘನ ಅಡಿ ತನ್ನಿ.

3. ಒಣಗಿದೆಯೇ? ಕೇಳಬೇಡಿ, ತೂಗಿ ನೋಡಿ

"ಎರಡು ವರ್ಷದಿಂದ ಒಣಗಿದ ಮರ ಸಾರ್" ಎನ್ನದ ಮರದ ವ್ಯಾಪಾರಿಯನ್ನು ನಾನು ಇನ್ನೂ ಕಂಡಿಲ್ಲ. ಗಾಳಿಯಲ್ಲಿ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಸ್ಥೂಲ ಲೆಕ್ಕ. ಮಲೆನಾಡಿನಲ್ಲಿ ಅದರ ಮೂರನೇ ಒಂದು ಭಾಗ ಮಳೆಗೇ ಹೋಗುತ್ತದೆ. ತೇವಮಾಪಕ ಎಂಬ ಎರಡು ಮುಳ್ಳಿನ ಸಣ್ಣ ಉಪಕರಣ ಸಿಗುತ್ತದೆ. ಶೇ 12ರ ಆಸುಪಾಸು ತೋರಿಸಿದರೆ ಕೆಲಸ ಆರಂಭಿಸಬಹುದು. ಹಲಗೆಯ ತುದಿಯಲ್ಲಿ ಚುಚ್ಚಬೇಡಿ, ತುದಿ ಯಾವಾಗಲೂ ಮೊದಲು ಒಣಗಿರುತ್ತದೆ. ಒಂದು ಅಡಿಯಷ್ಟು ಕತ್ತರಿಸಿ ತೆಗೆದು, ಹೊಸದಾಗಿ ಕಂಡ ಮೈಯ ನಡುವೆ ಚುಚ್ಚಿ ನೋಡಿ.

ಮಾಪಕ ಇಲ್ಲವೇ? ಹಲಗೆಯ ನಡುಭಾಗದಿಂದ ಸಣ್ಣ ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಓವನ್‌ನಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಆಗಾಗ ತೂಗಿ. 115 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವ ಶೇ 15. ಅಂಥ ಮರ ಇನ್ನೂ ಕಾಯಬೇಕು.

ಹದವಾದ ಹಲಗೆಗಳನ್ನೂ ತಂದ ದಿನವೇ ಕೊಯ್ಯಬೇಡಿ. ಮೇಜು ಇರುವ ಮನೆಯಲ್ಲೇ, ನಡುವೆ ರೀಪುಗಳನ್ನು ಇಟ್ಟು ಗಾಳಿಯಾಡುವಂತೆ ಪೇರಿಸಿ, ಮೂರು ನಾಲ್ಕು ವಾರ ಬಿಡಿ. ಒಂದೇ ಜಿಲ್ಲೆಯಾದರೂ ಕಡೂರಿನ ಗಾಳಿ ಬೇರೆ, ಶೃಂಗೇರಿಯ ಗಾಳಿ ಬೇರೆ. ಕಡೂರಿನ ಒಣಹವೆಯಲ್ಲಿ ಹದವಾದ ಹಲಗೆ ಶೃಂಗೇರಿಗೆ ಬಂದರೆ ಉಬ್ಬುತ್ತದೆ. ಮೂಡಿಗೆರೆಯಲ್ಲಿ ಆಗಸ್ಟಿನಲ್ಲಿ ಕಟ್ಟಿದ ಮೇಜು ಬೆಂಗಳೂರಿನ ಫ್ಲ್ಯಾಟಿಗೆ ಹೋದರೆ ಮಾರ್ಚಿನಲ್ಲಿ ಕುಗ್ಗುತ್ತದೆ.

4. ಮೇಲ್ಹಲಗೆ ಅಂಟಿಸುವುದು

ಅಗಲವಾದ ಎರಡು ಹಲಗೆಗಳಿಗಿಂತ 5–6 ಇಂಚಿನ ಏಳೆಂಟು ಹಲಗೆಗಳು ಮೇಲು, ಅಷ್ಟಾಗಿ ಬಾಗುವುದಿಲ್ಲ. ನೆಲದ ಮೇಲೆ ಹರಡಿ, ಅದಲುಬದಲು ಮಾಡಿ, ಎಳೆಗಳು ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಕೂಡಿಸಿ. ಕೀಸುವಾಗ ಸಿಬಿರು ಏಳದಂತೆ ಎಲ್ಲದರ ಎಳೆ ಒಂದೇ ದಿಕ್ಕಿಗಿರಲಿ. ತೃಪ್ತಿಯಾದ ಮೇಲೆ ಸೀಮೆಸುಣ್ಣದಿಂದ ಇಡೀ ಮೇಲ್ಮೈಗೆ ದೊಡ್ಡ ತ್ರಿಕೋನ ಎಳೆಯಿರಿ. ಹಲಗೆಗಳು ಚದುರಿದರೂ ಆ ತ್ರಿಕೋನ ಮತ್ತೆ ಕೂಡಿಸಿಕೊಡುತ್ತದೆ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ, ಮೇಜಿನ ಮುಖ ನಿರ್ಧಾರವಾಗುವುದು ಇಲ್ಲೇ.

ಅಂಚುಗಳನ್ನು ಕೀಸುಳಿಯಿಂದ (ಕೆಲವರು ತೋಪಡ ಎನ್ನುತ್ತಾರೆ) ನೇರ ಮಾಡಿ. ಎರಡು ಹಲಗೆಗಳನ್ನು ಅಂಚಿಗೆ ಅಂಚು ನಿಲ್ಲಿಸಿ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಇಣುಕಬಾರದು. ಸಂದು ಇದ್ದರೆ ಅಂಟು ತುಂಬಿ ಕ್ಲ್ಯಾಂಪ್ (ಹಲಗೆಗಳನ್ನು ಒತ್ತಿ ಹಿಡಿಯುವ ಕಬ್ಬಿಣದ ಸಾಧನ) ಬಿಗಿದರಾಯಿತು ಎನ್ನುವವರಿದ್ದಾರೆ. ಬಲವಂತದಿಂದ ಮುಚ್ಚಿದ ಸಂದು ಮೊದಲ ಬೇಸಿಗೆಯಲ್ಲೇ ಬಾಯಿ ತೆರೆಯುತ್ತದೆ.

ಅಂಟು ನೀರು ತಡೆಯುವ ಬಗೆಯದಿರಲಿ, ಫೆವಿಕಾಲ್ ಮರೈನ್‌ನಂಥದ್ದು. ಬೇಸಿಗೆಯ ಮಧ್ಯಾಹ್ನ ಅಂಟು ಬೇಗ ಗಟ್ಟಿಯಾಗುವುದರಿಂದ ಎಂಟು ಹಲಗೆಗಳನ್ನೂ ಒಮ್ಮೆಲೇ ಅಂಟಿಸುವ ಸಾಹಸ ಬೇಡ. ನಾಲ್ಕು ನಾಲ್ಕರ ಎರಡು ಭಾಗ ಮಾಡಿ, ಮರುದಿನ ಅವೆರಡನ್ನು ಕೂಡಿಸಿ. ಕ್ಲ್ಯಾಂಪ್‌ಗಳನ್ನು ಒಂದು ಮೇಲೆ ಒಂದು ಕೆಳಗೆ ಎಂದು ಬದಲಿಸಿ ಹಾಕದಿದ್ದರೆ ಹಲಗೆ ದೋಣಿಯಾಗುತ್ತದೆ. ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಅದು ಎಳೆಯೊಳಗೆ ಇಳಿದು, ಪಾಲಿಶ್ ಮಾಡಿದಾಗ ಬಿಳಿ ಕಲೆಯಾಗಿ ಎದ್ದು ಕಾಣುತ್ತದೆ. ಬೆಲ್ಲದ ಪಾಕದಷ್ಟು ಗಟ್ಟಿಯಾಗಲಿ, ಆಮೇಲೆ ಉಳಿಯಿಂದ ಕೆರೆದು ತೆಗೆಯಿರಿ.

5. ಕಾಲು ಮತ್ತು ಚೌಕಟ್ಟು

ಕಾಲಿನಲ್ಲಿ ಉದ್ದನೆಯ ತೂತು, ಪಟ್ಟಿಯ ತುದಿಯಲ್ಲಿ ಅದರೊಳಗೆ ಹೊಗುವ ನಾಲಗೆ. ಆಚಾರಿಗಳಿಗೆ ಇದು ನೀರು ಕುಡಿದಷ್ಟು ಸುಲಭ. ನಾಲಗೆಯ ದಪ್ಪ ಪಟ್ಟಿಯ ಮೂರನೇ ಒಂದು ಭಾಗದಷ್ಟು, ಉದ್ದ ಒಂದೂವರೆ ಇಂಚು. ಕೈಯಿಂದ ಒತ್ತಿದರೆ ಒಳಹೋಗಬೇಕು, ಅಲುಗಬಾರದು. ಕೊಡತಿಯಿಂದ ಬಡಿದು ಕೂರಿಸಬೇಕಾದಷ್ಟು ಬಿಗಿಯಿದ್ದರೆ ಕಾಲೇ ಸೀಳಬಹುದು. ಸಮಯ ಉಳಿಸಲೆಂದು ಮೊಳೆ, ಎಲ್ ಆಕಾರದ ಪಟ್ಟಿ ಹೊಡೆಸಲು ಒಪ್ಪಬೇಡಿ. ಅಂಟು ಹಾಕಿ ಬಿಗಿಯುವ ಮುನ್ನ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಸಮವಿದ್ದರೆ ಮೂಲೆಗಳು ಮಟ್ಟವಾಗಿವೆ.

6. ಹಲಗೆಯನ್ನು ಕಟ್ಟಿಹಾಕಬೇಡಿ

ಉಳಿದುದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ. 39 ಇಂಚು ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಕಾಲು ಇಂಚಿನಿಂದ ಅರ್ಧ ಇಂಚಿನ ಹತ್ತಿರದವರೆಗೆ ಅಗಲದಲ್ಲಿ ಬದಲಾಗಬಹುದು. ಉದ್ದದಲ್ಲಿ ಬದಲಾವಣೆ ಇಲ್ಲವೆಂಬಷ್ಟು ಕಡಿಮೆ. ಚೌಕಟ್ಟಿನ ಅಡ್ಡಪಟ್ಟಿ ತನ್ನ ಉದ್ದವನ್ನು ಬಿಟ್ಟುಕೊಡುವುದಿಲ್ಲ, ಅದರ ಮೇಲಿನ ಹಲಗೆ ಅಗಲವನ್ನು ಬದಲಿಸದೆ ಇರುವುದಿಲ್ಲ. ಇವೆರಡನ್ನೂ ಅಂಟು ಮತ್ತು ಸ್ಕ್ರೂ ಹಾಕಿ ಬಿಗಿದರೆ ಯಾವುದಾದರೂ ಒಂದು ಒಡೆಯಲೇಬೇಕು. ಒಡೆಯುವುದು ಹಲಗೆ. ನನ್ನ ಮೊದಲ ಮೇಜು ಸೀಳಿದ್ದೂ ಹೀಗೆಯೇ, ಮಾರ್ಚಿನ ಒಂದು ರಾತ್ರಿ ಪಟಾಕಿಯಂಥ ಸದ್ದು ಮಾಡಿ.

ಉಪಾಯ ಮರದ ಗುಂಡಿ. ಚೌಕಟ್ಟಿನ ಪಟ್ಟಿಗಳ ಒಳಮೈಯಲ್ಲಿ, ಮೇಲಂಚಿನಿಂದ ಅರ್ಧ ಇಂಚು ಕೆಳಗೆ, ಒಂದು ಗಾಡಿ (ಕಾಲುವೆಯಂಥ ಉದ್ದನೆಯ ಸೀಳು) ಕೊರೆಯಿರಿ. ಒಂದೂವರೆ ಇಂಚಿನ ಸಣ್ಣ ಮರದ ತುಂಡುಗಳಿಗೆ (ಇವೇ ಗುಂಡಿಗಳು) ಒಂದು ತುದಿಯಲ್ಲಿ ನಾಲಗೆ ಮಾಡಿ, ಆ ನಾಲಗೆಯನ್ನು ಗಾಡಿಗೆ ತೂರಿಸಿ, ತುಂಡನ್ನು ಮಾತ್ರ ಹಲಗೆಗೆ ಸ್ಕ್ರೂ ಹಾಕಿ. ಉದ್ದದ ಪಟ್ಟಿಗಳಲ್ಲಿ ನಾಲಗೆಯ ಮುಂದೆ ಕಾಲು ಇಂಚು ಖಾಲಿ ಬಿಡಿ. ಹಲಗೆ ಆಚೀಚೆ ಜಾರುತ್ತದೆ, ಮೇಲೇಳುವುದಿಲ್ಲ. ಎರಡೂ ಅಡ್ಡಪಟ್ಟಿಗಳ ಸರಿಮಧ್ಯದಲ್ಲಿ ಒಂದೊಂದು ಸ್ಕ್ರೂ ಬಿಗಿಯಾಗಿರಲಿ, ಆಗ ಎರಡೂ ಕಡೆಗೆ ಸಮನಾಗಿ ಹಿಗ್ಗುತ್ತದೆ. ಸ್ಕ್ರೂವಿನ ಉದ್ದವನ್ನು ಎರಡು ಸಲ ಅಳೆಯಿರಿ. ಹೊಳೆಯುವ ಮೇಲ್ಮೈಯಿಂದ ಸ್ಕ್ರೂವಿನ ಮೂತಿ ಹೊರಗೆ ಬಂದರೆ ಅದಕ್ಕೆ ಮದ್ದಿಲ್ಲ.

ಇದೇ ಕಾರಣಕ್ಕೆ ಮೇಲ್ಹಲಗೆಯ ತುದಿಗಳಿಗೆ ಚೆಂದಕ್ಕೆಂದು ಅಡ್ಡಪಟ್ಟಿ ಅಂಟಿಸುವುದೂ ತಪ್ಪು. ಬೇಕೇ ಬೇಕೆಂದರೆ ನಡುವೆ ಮಾತ್ರ ಅಂಟು, ಬದಿಗಳಲ್ಲಿ ಜಾರುವ ತೂತು.

7. ಉಜ್ಜುವುದು, ಪಾಲಿಶ್

ಮರಳು ಕಾಗದ 80, 120, 180 ಎಂದು ಏರುತ್ತಾ ಹೋಗಿ, ನಡುವೆ ಹಾರಬೇಡಿ. ಎಳೆಯ ಗುಂಟ ಮಾತ್ರ ಉಜ್ಜಿ. ಕೊನೆಗೆ ಕೋಣೆಯನ್ನು ಕತ್ತಲೆ ಮಾಡಿ, ಮೇಲ್ಮೈಗೆ ತಾಗುವಂತೆ ಅಡ್ಡಲಾಗಿ ಟಾರ್ಚ್ ಹಿಡಿಯಿರಿ. ಹಗಲಿನಲ್ಲಿ ಕಾಣದ ಗೀರುಗಳೆಲ್ಲ ಎದ್ದು ನಿಲ್ಲುತ್ತವೆ. ಈ ಅಡ್ಡ ಬೆಳಕಿನ ಗುಣವನ್ನು ನೆನಪಿಡಿ, ಚಿತ್ರದ ಹೊತ್ತಿಗೆ ಬೇಕಾಗುತ್ತದೆ.

ಸ್ಪಿರಿಟ್ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವುದು, ನೋಡಲು ಬೆಚ್ಚಗಿನ ಬಣ್ಣ. ಆದರೆ ಊಟದ ಮೇಜಿಗಲ್ಲ. ಹಬೆಯಾಡುವ ಕಡುಬಿನ ಪಾತ್ರೆ ಇಟ್ಟ ಜಾಗದಲ್ಲಿ ಬಿಳಿ ಉಂಗುರ ಏಳುತ್ತದೆ. ಬೇಯಿಸಿದ ಅಗಸೆ ಎಣ್ಣೆ ಕೈಗೆ ಹಿತ, ಆದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅದನ್ನೇ ಹಚ್ಚುವವರು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆಗೆ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಹರವಿ ಅಥವಾ ನೀರಿನಲ್ಲಿ ಮುಳುಗಿಸಿ. ಊಟದ ಮೇಜಿಗೆ ನಾನು ಹೇಳುವುದು ಪಾಲಿಯುರಿಥೇನ್, ಅಂಗಡಿಯವರ ಬಾಯಲ್ಲಿ ಪಿಯು. ಹೊಳಪು ಕಡಿಮೆ ಇರುವ ಮ್ಯಾಟ್ ಬಗೆಯದನ್ನೇ ಕೇಳಿ, ತೆಳುವಾಗಿ ಮೂರು ಕೋಟು.

ಎಲ್ಲರೂ ಮಾಡುವ ತಪ್ಪೆಂದರೆ ಮೇಲಷ್ಟೇ ಬಳಿದು ಕೆಳಮೈಯನ್ನು ಬರಿದಾಗಿ ಬಿಡುವುದು. ಬರಿಮೈ ಬೇಗ ತೇವ ಹೀರಿ ಹಲಗೆ ಬಾಗುತ್ತದೆ. ಎರಡೂ ಕಡೆ ಸಮನಾಗಿ ಹಚ್ಚಿಸಿ. ಮಳೆ ಹನಿಯುವ ದಿನ ಹಚ್ಚಿದ ಕೋಟು ಮಬ್ಬಾಗುವ ಸಂಭವ ಹೆಚ್ಚು. ಮಾರ್ಚ್–ಏಪ್ರಿಲ್‌ನ ಹೂಮಳೆ ಕಾಫಿಗೆ ಅಮೃತ, ಪಾಲಿಶಿಗೆ ಅಲ್ಲ.

8. ಚಿತ್ರಕ್ಕೆ ಕೋಣೆಯ ಸಿದ್ಧತೆ

ಮೊದಲು ಎಲ್ಲ ದೀಪಗಳನ್ನೂ ಆರಿಸಿ. ಟ್ಯೂಬ್‌ಲೈಟಿನ ಬಿಳುಪು, ಬಲ್ಬಿನ ಹಳದಿ, ಕಿಟಕಿಯ ನೀಲಿ ಮೂರೂ ಸೇರಿದರೆ ಯಾವ ಕ್ಯಾಮೆರಾಕ್ಕೂ ಮರದ ಬಣ್ಣ ದಕ್ಕುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ. ಒಂದೇ ಬದಿಯ ಕಿಟಕಿಯ ಬೆಳಕು ಸಾಕು. ಮೋಡ ಕವಿದ ದಿನ ಇಡೀ ಆಕಾಶವೇ ಹಾಲುಗಾಜಿನ ದೀಪ. ಬಿಸಿಲಿದ್ದರೆ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ಎದುರು ಬದಿಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿ. ನೆರಳು ಮೆದುವಾಗುತ್ತದೆ.

ನಮ್ಮ ಕಡೆಯ ವಿಶೇಷ ತೊಂದರೆ ಬಣ್ಣದ್ದು. ಕಿಟಕಿಯಾಚೆ ತೋಟವಿದ್ದರೆ ಒಳಬರುವ ಬೆಳಕೇ ಹಸಿರು. ನೆಲ ಕೆಂಪು ರೆಡ್ ಆಕ್ಸೈಡ್ ಆದರೆ ಕಾಲುಗಳ ಕೆಳಭಾಗಕ್ಕೆ ಕೆಂಪು ಛಾಯೆ. ಮೊದಲ ಸಾಲಿನ "ಕೊಳಕು ಹಸಿರು" ಬಂದದ್ದು ಹೀಗೆ. ಮೇಜಿನ ಮೇಲೆ ಬಿಳಿ ಹಾಳೆಯೊಂದನ್ನು ಇಟ್ಟು ಒಂದು ಚಿತ್ರ ತೆಗೆದುಕೊಳ್ಳಿ. ಆಮೇಲೆ ತಿದ್ದುವಾಗ ಆ ಹಾಳೆ ಬಿಳಿಯಾಗಿ ಕಾಣುವಂತೆ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಸುವ ಹೊಂದಾಣಿಕೆ) ಸರಿಪಡಿಸಿ, ಅದೇ ಅಳತೆಯನ್ನು ಉಳಿದ ಚಿತ್ರಗಳಿಗೂ ಹಾಕಿ.

9. ಎಲ್ಲಿ ನಿಲ್ಲಬೇಕು

ಹತ್ತಿರ ನಿಂತು ಮೊಬೈಲಿನ 0.5 ಲೆನ್ಸಿನಲ್ಲಿ ಇಡೀ ಮೇಜನ್ನು ತುರುಕಿದರೆ ಮುಂದಿನ ಕಾಲು ಆನೆಯದಾಗಿ, ಹಿಂದಿನದು ಮೇಕೆಯದಾಗಿ ಕಾಣುತ್ತದೆ. ಹಿಂದೆ ಸರಿಯಿರಿ. ದೊಡ್ಡ ಸೆನ್ಸರ್‌ನ (ಬೆಳಕನ್ನು ಚಿತ್ರವಾಗಿಸುವ ಫಲಕ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್, ಮೊಬೈಲಿನಲ್ಲಿ 2 ಪಟ್ಟು ಜೂಮ್. 7 ಅಡಿ ಮೇಜಿಗೆ ಸುಮಾರು 14 ಅಡಿ ದೂರ ಬೇಕು. ಕೋಣೆ ಸಾಲದಿದ್ದರೆ ಪಕ್ಕದ ಕೋಣೆಗೆ ಹೋಗಿ ಬಾಗಿಲಿನ ಮೂಲಕ ತೆಗೆಯಿರಿ.

ಕ್ಯಾಮೆರಾ ನಿಮ್ಮ ಎದೆಯ ಎತ್ತರದಲ್ಲಿರಲಿ, ಮೇಲ್ಮೈಯೂ ಕಾಲುಗಳೂ ಕಾಣುವಷ್ಟು. ಕಾಲುಗಳು ನೇರವಾಗಿ ನಿಂತಿವೆಯೇ ಎಂದು ಪರದೆಯ ಗೆರೆಗಳಿಗೆ ಹೊಂದಿಸಿ ನೋಡಿ. ಟ್ರೈಪಾಡ್ ಹಾಕಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಬಾಯಿಯ ಅಗಲ) ಎಫ್ 8. ಮಳೆಗಾಲದ ಮಂದ ಬೆಳಕಿನಲ್ಲಿ ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೂ ಚಿಂತೆಯಿಲ್ಲ, ಮೇಜು ಓಡಿಹೋಗುವುದಿಲ್ಲ. ಗುಂಡಿಯನ್ನು ಕೈಯಿಂದ ಒತ್ತದೆ 2 ಸೆಕೆಂಡಿನ ಟೈಮರ್ ಇಡಿ.

ಪಾಲಿಶ್ ಮೇಲೆ ಕಿಟಕಿಯ ಪ್ರತಿಬಿಂಬ ಬಿದ್ದು ಎಳೆ ಮುಚ್ಚಿಹೋದರೆ ಪೋಲರೈಸರ್ ಎಂಬ ತಿರುಗಿಸುವ ಗಾಜು ನೆರವಾಗುತ್ತದೆ. ಮೇಲ್ಮೈಯ ಮಟ್ಟದಿಂದ ಸುಮಾರು 35 ಡಿಗ್ರಿ ಕೋನದಲ್ಲಿ ಓರೆಯಾಗಿ ನೋಡುವಾಗ ಅದರ ಪ್ರಭಾವ ಹೆಚ್ಚು. ಮೊಬೈಲಿನವರು ಪೋಲರೈಸ್ಡ್ ತಂಪು ಕನ್ನಡಕದ ಗಾಜನ್ನು ಲೆನ್ಸಿನ ಮುಂದೆ ಹಿಡಿದು ತಿರುಗಿಸಿ ನೋಡಬಹುದು. ಹೊಳಪನ್ನು ಪೂರ್ತಿ ಅಳಿಸಬೇಡಿ. ಸಿಲ್ವರ್ ಓಕ್‌ನ ಹುರುಪೆ ಮಿನುಗಬೇಕಾದರೆ ಒಂದಿಷ್ಟು ಹೊಳಪು ಇರಬೇಕು.

10. ತೆಗೆಯಲೇಬೇಕಾದ ಚಿತ್ರಗಳು

ಮೂಲೆಯಿಂದ ಓರೆಯಾಗಿ ಇಡೀ ಮೇಜು, ಉದ್ದದ ಬದಿಯಿಂದ ನೇರವಾಗಿ ಒಂದು, ಕಾಲು ಮತ್ತು ಪಟ್ಟಿ ಸೇರುವ ಜಾಗದ್ದು ಹತ್ತಿರದಿಂದ ಒಂದು. ಮೇಲ್ಮೈಯ ಎಳೆಗೆ ಅಡ್ಡ ಬೆಳಕು ಬೀಳುವಾಗ ಇನ್ನೊಂದು. ಉಜ್ಜುವಾಗ ಟಾರ್ಚ್ ಮಾಡಿದ ಕೆಲಸವನ್ನು ಇಲ್ಲಿ ಕಿಟಕಿ ಮಾಡುತ್ತದೆ. ಅಳತೆ ತಿಳಿಯಲು ಒಂದೆರಡು ಕುರ್ಚಿ, ಒಂದು ಬಾಳೆಲೆ ಸಾಕು. ಹೂದಾನಿ, ಹಣ್ಣಿನ ಬುಟ್ಟಿ, ದೀಪದ ಕಂಬ ಎಂದು ತುಂಬಿಸಿದರೆ ನೋಡುವವರು ಹಣ್ಣು ನೋಡುತ್ತಾರೆ. ಮೇಜನ್ನು ಮಾರುವ ಉದ್ದೇಶವಿದ್ದರೆ ಕೆಳಗೆ ಮಲಗಿ ಮರದ ಗುಂಡಿಗಳ ಚಿತ್ರವನ್ನೂ ತೆಗೆಯಿರಿ. ತಿಳಿದ ಗಿರಾಕಿ ಮೊದಲು ಕೇಳುವುದು ಅದನ್ನೇ.

ಒರೆಸುವ ಬಟ್ಟೆ ಜೇಬಿನಲ್ಲೇ ಇರಲಿ. ಬೆರಳಚ್ಚು, ಧೂಳು ಕಣ್ಣಿಗಿಂತ ಮೊದಲು ಕ್ಯಾಮೆರಾಕ್ಕೆ ಕಾಣುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲದಿದ್ದರೆ ಎಳೆಗಳೆಲ್ಲ ಕಲಸಿಹೋಗುತ್ತವೆ. ಚಿತ್ರ ತೆಗೆದ ದಿನವೇ ಟೇಪು ಹಿಡಿದು ಹಲಗೆಯ ಅಗಲ ಅಳೆದು, ತಾರೀಕಿನೊಂದಿಗೆ ಕೆಳಮೈಯಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಮುಂದಿನ ಮಾರ್ಚಿನಲ್ಲಿ ಮತ್ತೊಮ್ಮೆ ಅಳೆದು ಅದರ ಪಕ್ಕದಲ್ಲೇ ಬರೆಯಿರಿ.